ದಾರಿಯಲ್ಲಿ ಟ್ರೈಲರ್ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ಹೀಗೆ ಹುಡುಕಿ

ಇಡೀ ದಿನ ಗಾಡಿ ಓಡಿದರೂ ಹಿಂದಿನ ಟ್ರೈಲರ್‌ನ ಬ್ಯಾಟರಿ ಬೆಳಿಗ್ಗೆ ಇದ್ದಷ್ಟೇ ಖಾಲಿ ಇದ್ದರೆ ಹೊಸ ಬ್ಯಾಟರಿ ಕೊಳ್ಳಲು ಓಡಬೇಡಿ. ದೋಷ ಹೆಚ್ಚಾಗಿ ಇರುವುದು ಗಾಡಿಯಿಂದ ಟ್ರೈಲರ್‌ಗೆ ಚಾರ್ಜ್ ಒಯ್ಯುವ ನಡುವಿನ ವೈರ್‌ನಲ್ಲಿ. ಒಂದು ಮಲ್ಟಿಮೀಟರ್, 12 ವೋಲ್ಟ್ 55 ವ್ಯಾಟ್‌ನ ಹಳೆಯ ಹೆಡ್‌ಲೈಟ್ ಬಲ್ಬ್, ಉದ್ದನೆಯ ವೈರ್, ಸ್ಯಾಂಡ್‌ಪೇಪರ್ ಇದ್ದರೆ ಸಾಕು; ಕೊನೆಯ ಪರೀಕ್ಷೆಗೆ ಮಾತ್ರ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ತೆಗೆದು, ಬಯಲಲ್ಲಿ ನಿಲ್ಲಿಸಿ ಶುರು ಮಾಡಿ.

1. ಮೊದಲು ಬ್ಯಾಟರಿ. ಎಲ್ಲ ವೈರ್ ಬಿಡಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6–12.7 ವೋಲ್ಟ್ ಇದ್ದರೆ ತುಂಬಿದೆ, 12.2ರ ಸುತ್ತ ಅರ್ಧ, 11.9ಕ್ಕಿಂತ ಕೆಳಗೆ ಹೆಚ್ಚುಕಡಿಮೆ ಖಾಲಿ. ಚಾರ್ಜರ್‌ನಿಂದ ಪೂರ್ತಿ ತುಂಬಿಸಿ, ವೈರ್ ಬಿಡಿಸಿಟ್ಟರೂ ಬೆಳಗಾಗುವಷ್ಟರಲ್ಲಿ 12.4ಕ್ಕಿಂತ ಇಳಿದರೆ ಬ್ಯಾಟರಿಯೇ ಕೆಟ್ಟಿದೆ, ಮುಂದೆ ಹುಡುಕುವ ಅಗತ್ಯವಿಲ್ಲ.

2. ಎಂಜಿನ್ ಓಡುವಾಗ ಎರಡು ಅಳತೆ. ಗಾಡಿಯ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಸಿಗಬೇಕು. ಪ್ಲಗ್ ಹಾಕಿ ಟ್ರೈಲರ್ ಬ್ಯಾಟರಿಯನ್ನೂ ಅಳೆಯಿರಿ. ಎಂಜಿನ್ ಆನ್ ಆದರೂ ಅಲ್ಲಿ ಮುಳ್ಳು ಅಲುಗದಿದ್ದರೆ ದಾರಿ ಎಲ್ಲೋ ಕಡಿದಿದೆ. ಸ್ವಲ್ಪ ಮಾತ್ರ ಏರಿದರೆ ವೋಲ್ಟೇಜ್ ದಾರಿಯಲ್ಲಿ ಸೋರುತ್ತಿದೆ.

3. ಫ್ಯೂಸ್ ಮತ್ತು ರಿಲೇ (ಎಂಜಿನ್ ಓಡುವಾಗ ಮಾತ್ರ ಚಾರ್ಜ್ ದಾರಿಯನ್ನು ಜೋಡಿಸುವ ಸ್ವಿಚ್). ಫ್ಯೂಸ್ ಅನ್ನು ಕಣ್ಣಲ್ಲಿ ನೋಡಿ ಸರಿ ಎನ್ನಬೇಡಿ, ಎರಡೂ ಬದಿಯಲ್ಲಿ ವೋಲ್ಟ್ ಅಳೆಯಿರಿ. ಕೆಲವು ಗಾಡಿಗಳಲ್ಲಿ ಟ್ರೈಲರ್ ಪ್ಲಗ್ ಹಾಕುವ ಸಾಕೆಟ್‌ವರೆಗೆ ವೈರ್ ಎಳೆದಿರುತ್ತಾರೆ, ಫ್ಯೂಸ್, ರಿಲೇ ಮಾತ್ರ ಕೂರಿಸಿರುವುದಿಲ್ಲ! ಪದೇ ಪದೇ ಸುಡುವ ಫ್ಯೂಸ್‌ಗೆ ದೊಡ್ಡದನ್ನು ಹಾಕುವುದು ಬೆಂಕಿಗೆ ಆಹ್ವಾನ. ಫ್ಯೂಸ್ ಇರುವುದು ವೈರ್ ಉಳಿಸಲು.

4. ಸಾಕೆಟ್‌ನಲ್ಲಿ ಬಲ್ಬ್. ಮಲ್ಟಿಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ ವೈರ್‌ನ ಒಂದೇ ಎಳೆ ಉಳಿದಿದ್ದರೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಬಲ್ಬ್ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಚಾರ್ಜ್ ಪಿನ್ ಮತ್ತು ಅದರ ಅರ್ಥ್ (ಮೈನಸ್) ಪಿನ್ ನಡುವೆ ಬಲ್ಬ್ ಹಿಡಿಯಿರಿ. ಮಂಕಾಗಿ ಉರಿದರೆ ಬಲ್ಬ್‌ನ ಅರ್ಥ್ ತುದಿಯನ್ನು ಪಿನ್‌ನಿಂದ ತೆಗೆದು ಗಾಡಿಯ ಚಾಸಿಗೆ ತಾಗಿಸಿ. ಈಗ ಪ್ರಖರವಾದರೆ ದೋಷ ಅರ್ಥ್‌ನದು. 13 ಪಿನ್‌ನ ಐಎಸ್‌ಒ ಸಾಕೆಟ್‌ನಲ್ಲಿ ಇಗ್ನಿಷನ್ ಜೊತೆ ಬರುವ ಚಾರ್ಜ್ 10ನೇ ಪಿನ್, ಅದರ ಅರ್ಥ್ 11. ದೀಪಗಳ ಅರ್ಥ್ 3ನೆಯದು, ಬೇರೆಯೇ. ಆದ್ದರಿಂದ ಟ್ರೈಲರ್ ದೀಪ ಚೆನ್ನಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಚಾರ್ಜ್ ದಾರಿ ಸರಿಯಿದೆ ಎಂದಲ್ಲ. ಕಿಲುಬು ಹಿಡಿದ ಪಿನ್ ಉಜ್ಜಿ. ಟ್ರೈಲರ್ ಸಿಕ್ಕಿಸುವ ಕೊಂಡಿಯ ಗುಂಡು ಅರ್ಥ್ ಕೊಡುತ್ತದೆ ಎಂದು ನಂಬಬೇಡಿ, ಅದರ ಮೇಲೆ ಗ್ರೀಸ್ ಇರುತ್ತದೆ.

5. ಸೋರಿಕೆ ಅಳೆಯುವುದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಟ್ರೈಲರ್ ಬ್ಯಾಟರಿ ಅರ್ಧ ಖಾಲಿ ಇರುವಾಗ, ಎಂಜಿನ್ ಓಡಿಸಿ, ಮೀಟರ್‌ನ ಒಂದು ತುದಿಯನ್ನು ಗಾಡಿ ಬ್ಯಾಟರಿಯ ಪ್ಲಸ್‌ಗೆ, ಉದ್ದನೆಯ ವೈರ್ ಮೂಲಕ ಇನ್ನೊಂದನ್ನು ಟ್ರೈಲರ್ ಬ್ಯಾಟರಿಯ ಪ್ಲಸ್‌ಗೆ ಇಡಿ. ಮೀಟರ್ ತೋರಿಸಿದ್ದೇ ಪ್ಲಸ್ ದಾರಿಯ ನಷ್ಟ. ಮೈನಸ್‌ಗೂ ಹಾಗೆಯೇ ಮಾಡಿ. ಎರಡೂ ಸೇರಿ ಅರ್ಧ ವೋಲ್ಟ್ ದಾಟಬಾರದು.

ದಾಟುವುದೇಕೆ? 8 ಮೀಟರ್ ದೂರವೆಂದರೆ ಹೋಗಿ ಬರಲು 16 ಮೀಟರ್ ತಾಮ್ರ. 2.5 ಚದರ ಮಿ.ಮೀ. ವೈರ್‌ನಲ್ಲಿ 10 ಆಂಪಿಯರ್ ಹರಿದರೆ ಸುಮಾರು 1.1 ವೋಲ್ಟ್ ಹೋಗುತ್ತದೆ. 14.2 ಹೊರಟದ್ದು 13.1 ಆಗಿ ತಲುಪಿದರೆ ಬ್ಯಾಟರಿ ತುಂಬಲು ದಿನಗಟ್ಟಲೆ ಬೇಕು. 6 ಚದರ ಮಿ.ಮೀ. ಆದರೆ ನಷ್ಟ ಅರ್ಧ ವೋಲ್ಟ್‌ಗೆ ಇಳಿಯುತ್ತದೆ. ದಾರಿಯಲ್ಲಿ 12 ವೋಲ್ಟ್ ಫ್ರಿಜ್ ಓಡುತ್ತಿದ್ದರೆ ಬಂದ 10 ಆಂಪಿಯರನ್ನೂ ಅದೇ ತಿಂದುಬಿಡಬಹುದು.

6. ಸ್ಮಾರ್ಟ್ ಆಲ್ಟರ್ನೇಟರ್ (ಆಲ್ಟರ್ನೇಟರ್ ಎಂದರೆ ಎಂಜಿನ್‌ನಿಂದ ತಿರುಗಿ ಬ್ಯಾಟರಿ ತುಂಬಿಸುವ ಜನರೇಟರ್). ಹೊಸ ಗಾಡಿಗಳಲ್ಲಿ ಮುಂದಿನ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ 12.5ರ ಆಸುಪಾಸಿಗೆ ಇಳಿಯಬಹುದು. ಇಲ್ಲಿ ಎಷ್ಟು ದಪ್ಪ ವೈರ್ ಹಾಕಿದರೂ ವ್ಯರ್ಥ. ಬಂದ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು, ಅದೂ ಟ್ರೈಲರ್ ಬ್ಯಾಟರಿಯ ಹತ್ತಿರ. 20 ಆಂಪಿಯರ್ ಕೊಡುವ ಚಾರ್ಜರ್ ಸುಮಾರು 26 ಆಂಪಿಯರ್ ಎಳೆಯುತ್ತದೆ; ವೈರ್, ಫ್ಯೂಸ್, ಪಿನ್ ಎಲ್ಲವೂ ಅದನ್ನು ತಾಳಬೇಕು. ಲಿಥಿಯಂ ಬ್ಯಾಟರಿ ಆಲ್ಟರ್ನೇಟರ್‌ನಿಂದ ಸಿಕ್ಕಷ್ಟೂ ಕರೆಂಟ್ ಎಳೆಯುವುದರಿಂದ ಅದಕ್ಕೂ ಇದೇ ಮಾರ್ಗ.

ಕೊನೆಗೆ ಎಂಜಿನ್ ಆಫ್ ಮಾಡಿ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಚಾರ್ಜ್ ವೈರ್‌ಗೆ ಹಾಕಿ ನೋಡಿ. ಆಗಲೂ ಕರೆಂಟ್ ಟ್ರೈಲರ್ ಕಡೆ ಹರಿಯುತ್ತಿದ್ದರೆ ರಿಲೇ ಅಂಟಿಕೊಂಡಿದೆ ಅಥವಾ ಇಲ್ಲವೇ ಇಲ್ಲ. ರಾತ್ರಿ ಗಾಡಿಯ ಬ್ಯಾಟರಿಯೂ ಖಾಲಿಯಾಗಿ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.