ನಿವೃತ್ತಿಯಾಯಿತೆ? ಸರ್ಕಾರಿ ಆಸ್ಪತ್ರೆಯ ಕಡತ ಹಿಡಿಯಿರಿ

ನಿವೃತ್ತರ ಆರೋಗ್ಯ ಸೇವೆ ಎಂದರೆ ನಮ್ಮಲ್ಲಿ ಬಿಪಿ ತಪಾಸಣಾ ಶಿಬಿರ, ರೋಗಿಗಳಿಗೆ ಹಣ್ಣು, ಜೊತೆಗೊಂದು ಫೋಟೊ. ತಪ್ಪೇನಿಲ್ಲ. ಆದರೆ ಮಾರನೇ ದಿನವೂ ಔಷಧಿ ಕೊಡುವ ಕಿಟಕಿಯಲ್ಲಿ 'ಶುಗರ್ ಮಾತ್ರೆ ಇಲ್ಲ, ಹೊರಗೆ ತಗೊಳ್ಳಿ' ಎಂದೇ ಹೇಳುತ್ತಾರೆ. ಅದು ಬದಲಾಗಲು ಕಡತ ಓದಬಲ್ಲ, ಪುರುಸೊತ್ತಿರುವ ಜನ ಬೇಕು. ಖಜಾನೆಯಲ್ಲಿ ಬಿಲ್ಲುಗಳಿಗೆ ಆಕ್ಷೇಪಣೆ ಹಾಕುತ್ತಲೇ ಸರ್ವಿಸ್ ಮುಗಿಸಿದ ನನ್ನಂಥವರಿಗೆ ಹೇಳಿಮಾಡಿಸಿದ ಕೆಲಸ.

ಒಂದೇ ಆಸ್ಪತ್ರೆ, ಒಂದೇ ಪ್ರಶ್ನೆ ಇಟ್ಟುಕೊಳ್ಳಿ. 'ವ್ಯವಸ್ಥೆ ಕೆಟ್ಟಿದೆ' ಎಂದರೆ ಯಾವ ಅಧಿಕಾರಿಯೂ ಉತ್ತರ ಬರೆಯುವುದಿಲ್ಲ. 'ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ದಿನ ದಾಸ್ತಾನಿರಲಿಲ್ಲ, ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಯಾವತ್ತು ಹೋಯಿತು?' ಎಂದರೆ ಬರೆಯಬೇಕಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ. ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಇರಬೇಕೆಂಬುದು ಮಾನದಂಡ. ಒಬ್ಬರ ಕೈಗೆ ನಿಲುಕುವ ಅಳತೆ.

ಮೊದಲು ಸುಮ್ಮನೆ ಹೋಗಿ ಹೊರರೋಗಿಗಳ ಬೆಂಚಿನ ಮೇಲೆ ಕೂತು, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ: ಡಾಕ್ಟರು ಬರೆದದ್ದು, ಕಿಟಕಿಯಲ್ಲಿ ಸಿಕ್ಕಿದ್ದು. ರೋಗಿಗಳು ಒಪ್ಪಿ ಚೀಟಿ ತೋರಿಸಿದರೆ ಮಾತ್ರ. ಹೆಸರು, ಕಾಯಿಲೆ ಬರೆದುಕೊಳ್ಳುವುದು ಬೇಡ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಆದೀತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 'ಯಾಕೆ' ಎಂದು ಕೇಳಿದರೆ ಜಾರಿಕೊಳ್ಳುತ್ತಾರೆ. ದಾಸ್ತಾನು ವಹಿಯ ನಕಲು, ಇಂಡೆಂಟ್ ನಕಲು ಎಂದು ದಾಖಲೆಯನ್ನೇ ಕೇಳಿ. ಖುದ್ದಾಗಿ ಕಡತ ನೋಡುವ ಹಕ್ಕೂ ಇದೆ. ನನಗೆ ಅದೇ ಇಷ್ಟ, ಪುಟ ತಿರುವುವಾಗ ಕೇಳದೇ ಇದ್ದದ್ದೂ ಕಣ್ಣಿಗೆ ಬೀಳುತ್ತದೆ. 30 ದಿನ ಕಳೆದರೂ ಉತ್ತರವಿಲ್ಲವೆಂದರೆ ಮೇಲ್ಮನವಿ.

ವೈದ್ಯಾಧಿಕಾರಿಯನ್ನು ಮಾತ್ರ ಎದುರು ಹಾಕಿಕೊಳ್ಳಬೇಡಿ. ಕೊರತೆ ಎಷ್ಟೋ ಸಲ ಮೇಲಿನಿಂದ ಬಂದದ್ದು. ಅವರು ಇಂಡೆಂಟ್ ಕಳಿಸಿದ್ದಕ್ಕೆ ದಾಖಲೆ ಇದ್ದರೆ ಅದನ್ನೇ ಲಗತ್ತಿಸಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ, ಅದರದೊಂದು ನಕಲು ಜಿಲ್ಲಾ ಆರೋಗ್ಯಾಧಿಕಾರಿಗೆ. ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಹೊರಡಿ.

ಇನ್ನು ಸಭೆಗಳು. ಆರೋಗ್ಯ ಕೇಂದ್ರಕ್ಕೆ ಬರುವ ಅನ್‌ಟೈಡ್ ಹಣದ (ಇಂಥದ್ದಕ್ಕೇ ಎಂದು ಕಟ್ಟುಹಾಕದೆ ಕೊಟ್ಟ ಅನುದಾನದ) ಖರ್ಚು ಅಲ್ಲಿನ ಉಸ್ತುವಾರಿ ಸಮಿತಿಯಾದ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಬರಬೇಕು. ನೀವು ಸದಸ್ಯರಲ್ಲದಿದ್ದರೂ ನಡವಳಿಯ ನಕಲು ಕೇಳಬಹುದು. ಕೊನೆಯ ಸಭೆ ಯಾವಾಗ ನಡೆಯಿತು ಎಂಬ ಪ್ರಶ್ನೆಯೊಂದಕ್ಕೇ ಕೆಲವು ಕಡೆ ಹೊಸ ಸಭೆಯ ನೋಟಿಸು ಹೊರಡುತ್ತದೆ! ಗ್ರಾಮಸಭೆಗೆ ಹೋಗುವಾಗ ಒಂಟಿಯಾಗಿ ಹೋಗಬೇಡಿ, 'ಪಿಂಚಣಿದಾರರ ತಕರಾರು' ಎಂದು ನಕ್ಕು ಬಿಡುತ್ತಾರೆ. ಮಾತ್ರೆ ಸಿಗದೆ ವಾಪಸಾದ ಹೆಂಗಸರು ನಾಲ್ವರು ಜೊತೆಗಿದ್ದು, ಅವರೇ ಮಾತಾಡಲಿ. ನಿಮ್ಮ ಕೆಲಸ, ಅವರ ಮಾತು ನಿರ್ಣಯವಾಗಿ ಪುಸ್ತಕಕ್ಕೆ ಏರುವವರೆಗೂ ಕಾರ್ಯದರ್ಶಿಯ ಪಕ್ಕದಲ್ಲೇ ಕೂತಿರುವುದು.

ನಿಮ್ಮ ಬಿಪಿ ಮಾತ್ರೆ, ತಿಂಡಿ ಮುಗಿಸಿಯೇ ಹೊರಡಿ. ಹನ್ನೊಂದಕ್ಕೆ ಎಂದ ಸಭೆ ಊಟದ ಹೊತ್ತಿಗೆ ಶುರುವಾಗುವುದುಂಟು.