ಅಪರೂಪದ ಜರ್ಮನ್ ಅಡ್ಡಹೆಸರಿನ ಮೂಲ ಹುಡುಕೋದು ಹೇಗೆ, ಈಗ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕೋದು ಹೇಗೆ

ನಮ್ಮ ಕರಾವಳಿ ಕಡೆಯವರಿಗೆ ಜರ್ಮನ್ ಅಡ್ಡಹೆಸರು ಹೊಸತೇನಲ್ಲ. ಹಳೆ ಮನೆಯ ಮಂಗಳೂರು ಹೆಂಚಿನ ಕಥೆ ಕೆದಕಿದ್ರೆ 1865ರಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಫ್ಯಾಕ್ಟರಿ ಶುರು ಮಾಡಿದ ಪ್ಲೆಬ್ಸ್ಟ್ ಸಿಕ್ತಾರೆ, ಕನ್ನಡ ನಿಘಂಟು ಅಂದ್ರೆ ಕಿಟೆಲ್, ಕನ್ನಡದ ಮೊದಲ ಪತ್ರಿಕೆ ಅಂದ್ರೆ ಮೋಗ್ಲಿಂಗ್. ಈಗ ಕುಮಟಾ, ಶಿರಸಿ, ಕಾರವಾರದ ಮಕ್ಕಳು ಸ್ಟುಟ್‌ಗಾರ್ಟ್, ಮ್ಯೂನಿಕ್ ಅಂತ ಓದೋಕೆ ಕೆಲಸಕ್ಕೆ ಹೋಗಿ ಅಲ್ಲೇ ಮದುವೆನೂ ಆಗ್ತಿದ್ದಾರೆ, ಹಾಗಾಗಿ ಅಳಿಯನದ್ದೋ ಸೊಸೆಯದ್ದೋ ಸರ್‌ನೇಮ್ ಎಂತದು, ಎಲ್ಲಿಂದ ಬಂತು, ಆ ಹೆಸರಿನವರು ಎಷ್ಟು ಜನ ಇದ್ದಾರೆ ಅಂತ ಮನೆಯಲ್ಲಿ ಕೇಳೋರು ಜಾಸ್ತಿ ಆಗಿದ್ದಾರೆ. ಕೇಳಿದ ಕೂಡ್ಲೇ ಯಾರಾದ್ರೂ ಡಿಕ್ಷನರಿ ತೆಗೆದು ಒಂದು ಅರ್ಥ ಹೇಳಿಬಿಡ್ತಾರೆ, ಅಲ್ಲಿಗೆ ವಿಷಯ ಮುಗೀತದೆ. ಅದು ತಪ್ಪು ದಾರಿ ಮಾರಾಯ್ರೆ. ಮೊದಲು ಊರು, ಆಮೇಲೆ ಸ್ಪೆಲ್ಲಿಂಗು, ಅರ್ಥ ಕಡೇಗೆ. ಈ ಕ್ರಮ ಬಿಟ್ರೆ ಸಿಗೋದು ಊಹೆ ಮಾತ್ರ.

ಉದಾಹರಣೆಗೆ ಮೋಗ್ಲಿಂಗ್ ಹೆಸರನ್ನೇ ತಗೊಳ್ಳುವ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಅನ್ನೋ ಸಣ್ಣ ಪಟ್ಟಣದಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗನ್‌ನಲ್ಲಿ, ಮಂಗಳೂರ ಸಮಾಚಾರ ಹೊರಬಿದ್ದದ್ದು 1843ರ ಜುಲೈ 1ಕ್ಕೆ. ಮಿಷನರಿಗಳ ಹೆಸರಾದ್ರೆ ಒಂದು ಅನುಕೂಲ ಉಂಟು, ಬಾಸೆಲ್ ಮಿಷನ್ ತನ್ನ ಜನರ ರಿಜಿಸ್ಟರ್ ಚೆನ್ನಾಗಿ ಇಟ್ಟಿತ್ತು, ಅದರ ಆರ್ಕೈವ್ ಇವತ್ತಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಕ್ಯಾಟಲಾಗ್ ಆನ್‌ಲೈನ್‌ನಲ್ಲೇ ನೋಡಬಹುದು. ನಿಮ್ಮ ಕೇಸಲ್ಲಿ ಅಳಿಯನ ಹೆಸರಾದ್ರೆ ಅವರ ಅಜ್ಜ, ಮುತ್ತಜ್ಜ ಯಾವ ಹಳ್ಳಿಯವರು ಅಂತ ಕೇಳಿ ಬರ್ಕೊಳ್ಳಿ, ಜೊತೆಗೆ ಆ ಮನೆತನ ಪ್ರಾಟೆಸ್ಟಂಟಾ ಕ್ಯಾಥೊಲಿಕ್ಕಾ ಅಂತನೂ ಕೇಳ್ಕೊಳ್ಳಿ, ಮುಂದೆ ಯಾವ ದಾಖಲೆ ತೆಗೀಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಆದ್ರೆ ಹುಟ್ಟಿದೂರು ಹೆಸರಿನ ಊರಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಕಿಟೆಲ್ ಅವರನ್ನೇ ನೋಡಿ, ಹುಟ್ಟಿದ್ದು 1832ರಲ್ಲಿ ಉತ್ತರ ಸಮುದ್ರದ ದಂಡೆ ಕಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಆ ಸೀಮೆಯಲ್ಲಿ ಜನ ತುಂಬಾ ಕಾಲ ಅಪ್ಪನ ಹೆಸರನ್ನೇ ಮುಂದಿನ ಹೆಸರಾಗಿ ಇಟ್ಕೊಳ್ತಿದ್ರು, ಪ್ರತಿ ತಲೆಮಾರಿಗೂ ಬದಲಾಗ್ತಿತ್ತು, 1811ರಲ್ಲಿ ನೆಪೋಲಿಯನ್ ಆಡಳಿತದಲ್ಲಿ ಖಾಯಂ ಅಡ್ಡಹೆಸರು ಇಟ್ಕೊಳ್ಳಿ ಅಂತ ಆಜ್ಞೆ ಆಯ್ತು. ಹಾಗಾಗಿ ಅಲ್ಲಿನ ಹೆಸರು ಅಂದ್ರೆ ಯಾನ್ಸೆನ್, ಹಾರ್ಮ್ಸ್ ಈ ಥರ ಇರ್ತವೆ. ಕಿಟೆಲ್ ಆ ಜಾತಿಯ ಹೆಸರೇ ಅಲ್ಲ, ಕಿಟೆಲ್ ಅಂದ್ರೆ ಕೆಲಸದ ಮೇಲಂಗಿ. ಅವರ ತಂದೆ ಪಾದ್ರಿ, ಪಾದ್ರಿ ಅಂದ್ರೆ ಡ್ಯೂಟಿ ಹಾಕಿದಲ್ಲಿ ಹೋಗೋರು. ಹೆಸರಿನ ಚಹರೆ ಊರಿಗೆ ಹೊಂದದಿದ್ರೆ ಆ ಮನೆತನ ಬೇರೆ ಕಡೆಯಿಂದ ಬಂದಿರಬೇಕು ಅಂತ ಅಲ್ಲೇ ಸಂಶಯ ಪಡಬೇಕು.

ಚಹರೆ ಗುರುತಿಸೋದು ಕಷ್ಟವಲ್ಲ. ಜರ್ಮನ್ ಅಡ್ಡಹೆಸರು ಮುಖ್ಯವಾಗಿ ಐದು ದಾರಿಯಿಂದ ಬಂದಿದಾವೆ: ಅಪ್ಪನ ಹೆಸರು, ಬಿಟ್ಟು ಬಂದ ಊರು, ಮನೆ ಇದ್ದ ಜಾಗ, ಕಸುಬು, ಮತ್ತೆ ಮೈಕಟ್ಟು ಸ್ವಭಾವ ನೋಡಿ ಜನ ಇಟ್ಟ ಹೆಸರು. ಕಡೆಯಕ್ಷರ ನೋಡಿದ್ರೆ ಸೀಮೆನೂ ಹೊಳೀತದೆ, ಕೊನೆಗೆ ಸೆನ್ ಬಂದ್ರೆ ಉತ್ತರದ ತುದಿ, ಲೆ ಬಂದ್ರೆ ಸ್ವಾಬಿಯ ಅಂದ್ರೆ ವುರ್ಟೆಂಬರ್ಗ್ ಕಡೆ, ಲಿ ಬಂದ್ರೆ ಸ್ವಿಟ್ಜರ್ಲೆಂಡು, ಹೂಬರ್, ಹೋಫರ್ ಥರದ್ದು ಬವೇರಿಯ-ಆಸ್ಟ್ರಿಯ, ಇಟ್ಸ್ ಬಂದ್ರೆ ಪೂರ್ವದ ಸ್ಲಾವ್ ಭಾಷೆಯ ನೆಲ. ಇದು ದಿಕ್ಕು ತೋರಿಸ್ತದೆ ಅಷ್ಟೇ, ಇದನ್ನೇ ಪುರಾವೆ ಮಾಡ್ಕೊಬೇಡಿ.

ಊರಿನ ಹೆಸರಿಂದ ಬಂದ ಅಡ್ಡಹೆಸರಿನ ಮರ್ಮ ನಮ್ಮವರಿಗೆ ಬೇಗ ತಿಳೀತದೆ. ಅಂಕೋಲೇಕರ್ ಅನ್ನೋರನ್ನ ಅಂಕೋಲೆಯೊಳಗೆ ಯಾರೂ ಹಾಗೆ ಕರೀಲಿಕ್ಕಿಲ್ಲ, ಅಲ್ಲಿ ಎಲ್ಲರೂ ಅಂಕೋಲೆಯವರೇ ಅಲ್ವಾ, ಕಾರವಾರಕ್ಕೋ ಗೋವೆಗೋ ಹೋದ ಮೇಲೆ ಅಲ್ಲಿಯವರು ಇಟ್ಟ ಗುರುತು ಅದು. ಮಾಜಾಳಿಕರ್, ಚಂದಾವರಕರ್ ಎಲ್ಲ ಹೀಗೇ. ಎಸ್ಲಿಂಗರ್, ರೊಯ್ಟ್‌ಲಿಂಗರ್ ಅನ್ನೋ ಹೆಸರೂ ಎಸ್ಲಿಂಗನ್, ರೊಯ್ಟ್‌ಲಿಂಗನ್ ಪಟ್ಟಣ ಬಿಟ್ಟು ಹೋದವರದ್ದು. ಹಾಗಾಗಿ ಯಾವ ಹೆಸರಿನವರು ಎಲ್ಲೆಲ್ಲಿ ಇದ್ದಾರೆ ಅಂತ ತೋರಿಸೋ ನಕ್ಷೆಯಲ್ಲಿ ಹೆಸರು ದಟ್ಟವಾಗಿ ಕಾಣೋದು ಮೂಲದ ಊರೊಳಗೆ ಅಲ್ಲ, ಅದರ ಸುತ್ತಿನ ಒಂದೆರಡು ದಿನದ ನಡಿಗೆಯ ಊರುಗಳಲ್ಲಿ.

ಈಗ ನಕ್ಷೆಗೆ ಬರುವ. ಎರಡು ಕಾಲದ ನಕ್ಷೆ ನೋಡಬೇಕು, ಒಂದು ಸಾಲದು. ಇತ್ತೀಚಿನದ್ದಕ್ಕೆ ಡಿಜಿಟಲ್ ಜರ್ಮನ್ ಅಡ್ಡಹೆಸರಿನ ನಿಘಂಟು ಅಂತ ಒಂದಿದೆ, ಮೈನ್ಸ್ ಅಕಾಡೆಮಿಯವರ ಪ್ರಾಜೆಕ್ಟು, 2012ರಲ್ಲಿ ಶುರುವಾದದ್ದು, ಫ್ರೀ. ಅದರ ಲೆಕ್ಕ ನಿಂತಿರೋದು 2005ರ ಲ್ಯಾಂಡ್‌ಲೈನ್ ಫೋನ್ ಪಟ್ಟಿ ಮೇಲೆ. 2005 ಎಂತಕ್ಕೆ ಅಂದ್ರೆ ಆಮೇಲೆ ಜನ ಲ್ಯಾಂಡ್‌ಲೈನ್ ಬಿಟ್ಟು ಮೊಬೈಲ್ ಹಿಡಿದ್ರು, ಹೊಸ ಡೈರೆಕ್ಟರಿ ನೋಡಿದಷ್ಟೂ ಹೆಸರು ಕಮ್ಮಿ ಆಗ್ತಾ ಹೋಗ್ತದೆ, ಜನ ಕಮ್ಮಿ ಆಗಿದ್ದಕ್ಕಲ್ಲ. ಹಳೆಯದ್ದಕ್ಕೆ ಜರ್ಮನಿಯ ಕಂಪ್ಯೂಟರ್ ವಂಶಾವಳಿ ಸಂಘದವರು ಮೊದಲ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಸೈನಿಕರ ಪಟ್ಟಿಯನ್ನ ಸ್ವಯಂಸೇವಕರ ಕೈಯಲ್ಲಿ ಟೈಪ್ ಮಾಡಿಸಿ ಹಾಕಿದ್ದಾರೆ, 80 ಲಕ್ಷಕ್ಕಿಂತ ಹೆಚ್ಚು ನಮೂದು, ಬಹಳ ಕಡೆ ಹೆಸರಿನ ಜೊತೆ ಊರೂ ಇದೆ. ಆ ಸೈನಿಕರು ಹೆಚ್ಚಿನವರು 1890ರ ಆಸುಪಾಸು ಹುಟ್ಟಿದವರಾದ್ರಿಂದ ಅದು ಆ ಕಾಲದ ನಕ್ಷೆ ಇದ್ದ ಹಾಗೆ. ಇದು ಎಷ್ಟು ಮುಖ್ಯ ಅಂದ್ರೆ, 1945ರ ನಂತರ ಸಿಲೇಸಿಯ, ಪೊಮರೇನಿಯ, ಪೂರ್ವ ಪ್ರಶ್ಯ ಇಲ್ಲೆಲ್ಲ ಇದ್ದ ಜರ್ಮನ್ನರು ಊರು ಬಿಟ್ಟು ಪಶ್ಚಿಮಕ್ಕೆ ಬರಬೇಕಾಯ್ತು, ಲಕ್ಷಾಂತರ ಜನ, ಸಿಕ್ಕಲ್ಲಿ ನೆಲೆ ಆದ್ರು. ಹೊಸ ನಕ್ಷೆಯಲ್ಲಿ ನಿಮ್ಮ ಹೆಸರು ಇಲ್ಲೊಂದು ಅಲ್ಲೊಂದು ಚದುರಿ ಕಂಡ್ರೆ ಹಳೆ ನಕ್ಷೆಯಲ್ಲಿ ಈಗಿನ ಪೋಲೆಂಡಿನ ಒಂದೇ ಜಿಲ್ಲೆಯಲ್ಲಿ ಗುಂಪಾಗಿ ಸಿಗೋ ಸಾಧ್ಯತೆ ಉಂಟು.

ನಕ್ಷೆ ನೋಡುವಾಗ ಒಟ್ಟು ಸಂಖ್ಯೆ ಬೇಡ, ಅಲ್ಲಿನ ಜನಸಂಖ್ಯೆಗೆ ಹೋಲಿಸಿ ಎಷ್ಟು ಅಂತ ನೋಡಿ. ಬರ್ಲಿನ್, ಹ್ಯಾಂಬರ್ಗ್ ದೊಡ್ಡ ಊರು, ಎಲ್ಲ ಹೆಸರೂ ಅಲ್ಲಿ ಜಾಸ್ತಿನೇ ಕಾಣ್ತಾವೆ, ಅದಕ್ಕೂ ಮೂಲಕ್ಕೂ ಸಂಬಂಧ ಇಲ್ಲ.

ಸ್ಪೆಲ್ಲಿಂಗ್ ವಿಷಯದಲ್ಲಿ ಮಾತ್ರ ಪುರುಸೊತ್ತು ಮಾಡ್ಕೊಂಡು ಕೂರಿ, ಅರ್ಧ ಕೆಲಸ ಇಲ್ಲೇ ಇರೋದು. ಮೋಗ್ಲಿಂಗ್ ಹೆಸರಲ್ಲಿ ಮೊದಲ ಸ್ವರ ಓ ಅಕ್ಷರದ ಮೇಲೆ ಎರಡು ಚುಕ್ಕೆ. ಇಂಗ್ಲಿಷ್ ಪುಸ್ತಕಗಳಲ್ಲಿ ಚುಕ್ಕೆ ಬಿಟ್ಟು ಬರೀ ಓ ಹಾಕಿರ್ತಾರೆ, ಕೆಲವು ಕಡೆ ಓ ಆದ ಮೇಲೆ ಇ ಸೇರಿಸಿರ್ತಾರೆ (oe), ಫೋನ್ ಪಟ್ಟಿಯಲ್ಲಿ ಇವೆಲ್ಲ ಬೇರೆ ಬೇರೆ ಹೆಸರಾಗಿ ಬರ್ತಾವೆ. ಮೂರನ್ನೂ ಹುಡುಕಿ ಕೂಡಿಸ್ಬೇಕು. ಹಳೆ ಚರ್ಚ್ ಪುಸ್ತಕ, ಅಂದ್ರೆ ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರ್, ತೆಗೆದ್ರೆ ಇನ್ನೊಂದು ಲೋಕ. ಸ್ವಾಬಿಯದ ಆಡುಮಾತಲ್ಲಿ ಆ ಚುಕ್ಕೆ ಓ ಹೆಚ್ಚುಕಮ್ಮಿ ಎ ಥರ ಕೇಳ್ತದೆ, ಪಾದ್ರಿ ಕಿವಿಗೆ ಬಿದ್ದ ಹಾಗೆ ಬರೆದ್ರೆ ಮೆಗ್ಲಿಂಗ್ ಆಗ್ತದೆ. ಹೆಂಗಸರ ಹೆಸರಿಗೆ ಕೊನೆಯಲ್ಲಿ ಇನ್ ಸೇರಿಸೋ ರೂಢಿ ಇತ್ತು, ಮ್ಯುಲ್ಲರ್ ಮನೆಯವಳು ಮ್ಯುಲ್ಲರಿನ್ ಆದ ಹಾಗೆ, ಹಾಗಾಗಿ ಮೋಗ್ಲಿಂಗಿನ್ ಅಂತಲೂ ಹುಡುಕಿ. ಓದಿಕೊಂಡ ಮನೆತನದವರು 16ನೇ ಶತಮಾನದಲ್ಲಿ ಹೆಸರನ್ನ ಲ್ಯಾಟಿನ್ ಮಾಡ್ಕೊಳ್ತಿದ್ರು, ಕೊನೆಗೆ ಉಸ್, ಇಯುಸ್ ಹಚ್ಚೋದು, ಇಲ್ಲಾ ಪೂರ್ತಿ ಅನುವಾದ ಮಾಡಿ ಶ್ಮಿಟ್ ಹೋಗಿ ಫಾಬರ್, ಶ್ನೈಡರ್ ಹೋಗಿ ಸಾರ್ಟೋರಿಯುಸ್. ಮೋಗ್ಲಿಂಗ್ ಮನೆತನದ ಹೆಸರು ವುರ್ಟೆಂಬರ್ಗಿನಲ್ಲಿ ಆ ಕಾಲಕ್ಕೇ ವಿದ್ವಾಂಸರ ಜೊತೆ ಕಾಣಿಸ್ತದೆ, 1596ರಲ್ಲಿ ಬೋಬ್ಲಿಂಗನ್‌ನಲ್ಲಿ ಹುಟ್ಟಿದ ಡ್ಯಾನಿಯಲ್ ಮೋಗ್ಲಿಂಗ್ ಅಂತ ಒಬ್ಬರಿದ್ರು, ಅವರ ಅಜ್ಜನೂ ಅದೇ ಹೆಸರಿನ ವೈದ್ಯಶಾಸ್ತ್ರದ ಪ್ರೊಫೆಸರ್.

ಆ ಪುಸ್ತಕಗಳ ಕೈಬರಹಕ್ಕೆ ಕುರೆಂಟ್ ಅಂತಾರೆ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದ್ರೆ ಇ ಅಕ್ಷರ ಎರಡು ಸಣ್ಣ ಓರೆಗೀಟು ಮಾತ್ರ, ಎನ್ ಕೂಡ ಹೆಚ್ಚುಕಮ್ಮಿ ಅದೇ, ಯು ಮೇಲೆ ಒಂದು ಕೊಕ್ಕೆ ಇರ್ತದೆ, ಉದ್ದ ಎಸ್ ಎಫ್ ಥರ ಕಾಣ್ತದೆ, ಓ ಮೇಲಿನ ಚುಕ್ಕೆ ಎರಡು ಗೀರಾಗಿ ಮೇಲಿನ ಸಾಲಿನ ಅಕ್ಷರದ ಬಾಲಕ್ಕೆ ಸೇರಿಹೋಗಿರ್ತದೆ. ಒಂದು ಉಪಾಯ ಹೇಳ್ತೇನೆ, ಅದೇ ಪುಟದಲ್ಲಿ ನಿಮಗೆ ಗೊತ್ತಿರೋ ಶಬ್ದ, ತಿಂಗಳ ಹೆಸರೋ ಯೋಹಾನೆಸ್ ಥರದ ಹೆಸರೋ ಹುಡುಕಿ, ಆ ಪಾದ್ರಿ ಇ ಹೇಗೆ ಬರೀತಾನೆ ಎನ್ ಹೇಗೆ ಬರೀತಾನೆ ಅಂತ ನೋಡ್ಕೊಂಡು ಆಮೇಲೆ ನಿಮ್ಮ ಹೆಸರಿಗೆ ಬನ್ನಿ.

ದಾಖಲೆ ಎಲ್ಲಿ ಸಿಕ್ತದೆ ಅಂದ್ರೆ, ಇಡೀ ಜರ್ಮನಿಗೆ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರ ಜನವರಿ 1ರಿಂದ, ಪ್ರಶ್ಯದಲ್ಲಿ ಸ್ವಲ್ಪ ಮೊದಲು 1874ರ ಅಕ್ಟೋಬರಿಂದ. ಅದಕ್ಕಿಂತ ಹಿಂದೆ ಹೆಚ್ಚಿನ ಕಡೆ ಚರ್ಚೇ ಗತಿ. ಕ್ಯಾಥೊಲಿಕ್ ಪುಸ್ತಕಗಳಿಗೆ ಮ್ಯಾಟ್ರಿಕುಲಾ ಅನ್ನೋ ವೆಬ್‌ಸೈಟಿದೆ, ಫ್ರೀ. ಪ್ರಾಟೆಸ್ಟಂಟ್‌ಗೆ ಆರ್ಕಿಯೋನ್ ಅನ್ನೋ ಸೈಟು, ದುಡ್ಡು ಕಟ್ಟಬೇಕು, ಹಾಗಾಗಿ ಯಾವ ಹಳ್ಳಿಯ ಪುಸ್ತಕ ಬೇಕು ಅಂತ ಮೊದಲೇ ಪಟ್ಟಿ ಮಾಡ್ಕೊಂಡು ಒಂದು ತಿಂಗಳಿಗೆ ಪಾಸ್ ತಗೊಂಡು ಒಮ್ಮೆಗೇ ಕೂತ್ಕೊಳ್ಳಿ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಸೈಟಲ್ಲೂ ಬಹಳ ಇದೆ, ಫ್ರೀ ಅಕೌಂಟ್ ಸಾಕು. ವುರ್ಟೆಂಬರ್ಗ್ ಕಡೆಯವರಾದ್ರೆ ಪುಣ್ಯ, ಅಲ್ಲಿ 1808ರಿಂದ ಪ್ರತಿ ಚರ್ಚಲ್ಲೂ ಕುಟುಂಬ ರಿಜಿಸ್ಟರ್ ಇಟ್ಟಿದ್ದಾರೆ, ಒಂದು ಪುಟ ತೆಗೆದ್ರೆ ಗಂಡ, ಹೆಂಡತಿ, ಮಕ್ಕಳು ಎಲ್ಲ ಒಟ್ಟಿಗೆ. ಇತ್ತೀಚಿನ ದಾಖಲೆ ಬೇಕಂದ್ರೆ ಮನೆಯವರೇ ಅರ್ಜಿ ಹಾಕ್ಬೇಕು, ಜನನದ್ದು 110 ವರ್ಷ, ಮದುವೆಯದ್ದು 80, ಮರಣದ್ದು 30 ವರ್ಷ ಆಗೋ ತನಕ ಹೊರಗಿನವರಿಗೆ ತೋರಿಸೋದಿಲ್ಲ. ವಲಸೆ ಹೋದ ಶಾಖೆ ಹುಡುಕೋದಾದ್ರೆ ಹ್ಯಾಂಬರ್ಗ್ ಬಂದರಿನ 1850ರಿಂದ 1934ರ ತನಕದ ಪ್ರಯಾಣಿಕರ ಪಟ್ಟಿ ಉಳಿದಿದೆ, ಬ್ರೆಮನ್‌ದು ಹೆಚ್ಚಿನದ್ದು ನಾಶ ಆಗಿದೆ.

ಇಷ್ಟಾದ ಮೇಲೆ ಅರ್ಥ. ಮೋಗ್ಲಿಂಗ್ ಅಂದ ಕೂಡ್ಲೇ ಲುಡ್ವಿಗ್ಸ್‌ಬರ್ಗ್ ಹತ್ತಿರದ ಮೋಗ್ಲಿಂಗನ್ ಊರು ಕಣ್ಣಿಗೆ ಬೀಳ್ತದೆ, ಬ್ರಾಕನ್‌ಹೈಮ್ ಇರೋ ಜಿಲ್ಲೆಯ ಪಕ್ಕದ ಜಿಲ್ಲೆ. ಮುಗೀತು ಅಂತ ಅನಿಸ್ತದೆ, ಆದ್ರೆ ಎಸ್ಲಿಂಗನ್‌ನವ ಎಸ್ಲಿಂಗರ್ ಆಗೋ ಲೆಕ್ಕದಲ್ಲಿ ಇವನು ಮೋಗ್ಲಿಂಗರ್ ಆಗಬೇಕಿತ್ತಲ್ಲ, ಕೊನೆಯ ಅರ್ ಎಲ್ಲಿ? ಇಂಗನ್ ಅಂತ ಮುಗಿಯೋ ಸ್ವಾಬಿಯದ ಊರುಗಳು ಹೆಚ್ಚಿನವು ಒಬ್ಬ ಹಳೆ ಯಜಮಾನನ ಹೆಸರಿಗೆ ಅವನ ಜನ ಇರೋ ಜಾಗ ಅಂತ ಸೇರಿಸಿ ಆದವು, ಇಂಗ್ ಅನ್ನೋ ಪ್ರತ್ಯಯ ಊರಿನ ಸಹವಾಸ ಇಲ್ಲದೆ ನೇರ ಮನುಷ್ಯನ ಹೆಸರಿಗೂ ಹತ್ತಿ ಇಂಥವನ ಮನೆಯವನು ಅಂತ ಆಗ್ತದೆ. ಅಂದ್ರೆ ಊರೂ ಅಡ್ಡಹೆಸರೂ ತಾಯಿ ಮಗು ಆಗಿರಬಹುದು, ಇಲ್ಲಾ ಅಕ್ಕ ತಂಗಿ. ತೀರ್ಮಾನ ಮಾಡೋದು ಅತಿ ಹಳೆ ದಾಖಲೆ. ಅಲ್ಲಿ ಹೆಸರಿನ ಮುಂದೆ ಫಾನ್ ಮೋಗ್ಲಿಂಗನ್ ಅಂತ ಕಂಡ್ರೆ ಊರಿಂದಲೇ ಬಂದದ್ದು, ಫಾನ್ ಇದ್ದ ಮಾತ್ರಕ್ಕೆ ಜಮೀನ್ದಾರಿ ಮನೆತನ ಅಂತಲ್ಲ, ಆ ಕಾಲಕ್ಕೆ ಅದು ಇಂಥ ಊರಿನವ ಅಂತ ಅಷ್ಟೇ. ಫಾನ್ ಇಲ್ಲದೆ ಬರೀ ಮೋಗ್ಲಿಂಗ್ ಅಂತಲೇ ಮೊದಲಿಂದ ನಡೆದು ಬಂದಿದ್ರೆ ಎರಡನೇ ದಾರಿಗೆ ಬಲ ಬರ್ತದೆ. ನಿಮ್ಮ ಹೆಸರಿಗೂ ಇದೇ ಥರ ಎರಡು ದಾರಿ ಎದುರಿಗಿಟ್ಟು ಯಾವ ದಾಖಲೆ ಯಾವುದನ್ನ ಕೆಡವುತ್ತದೆ ಅಂತ ನೋಡ್ಬೇಕು. ಸ್ವಾಬಿಯಲ್ಲಿ ಇನ್ನೊಂದು ಎಚ್ಚರ ಬೇಕು, 1618ರಿಂದ 1648ರ ಯುದ್ಧದಲ್ಲಿ ವುರ್ಟೆಂಬರ್ಗಿನ ಅರ್ಧಕ್ಕಿಂತ ಹೆಚ್ಚು ಜನ ಹೋದ್ರು, ಖಾಲಿ ಹಳ್ಳಿಗಳಿಗೆ ಸ್ವಿಟ್ಜರ್ಲೆಂಡಿಂದ ಜನ ಬಂದು ಕೂತ್ರು. 1650ರ ನಂತರ ಮಾತ್ರ ಕಾಣೋ ಹೆಸರಾದ್ರೆ ಬೇರು ಅಲ್ಲಿಯೂ ಇರಬಹುದು.

ಈಗ ಎಷ್ಟು ಜನ ಅನ್ನೋ ಲೆಕ್ಕ. ಎಲ್ಲದಕ್ಕೂ ಆಧಾರ ಅದೇ ಫೋನ್ ಪಟ್ಟಿ. 2005ರಲ್ಲಿ ಖಾಸಗಿ ಕನೆಕ್ಷನ್ ಸುಮಾರು 2.8 ಕೋಟಿ, ಜನಸಂಖ್ಯೆ ಸುಮಾರು 8.2 ಕೋಟಿ, ಭಾಗಿಸಿದ್ರೆ ಒಂದು ಕನೆಕ್ಷನ್ನಿಗೆ ಮೂರಕ್ಕೆ ಸ್ವಲ್ಪ ಕಮ್ಮಿ. ನಿಮ್ಮ ಹೆಸರಿಗೆ, ಉದಾಹರಣೆಗೆ, 30 ಕನೆಕ್ಷನ್ ತೋರಿಸಿದ್ರೆ 80ರಿಂದ 90 ಜನ ಅನ್ನಿ. 87 ಅಂತ ಬರೀಬೇಡಿ, ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಮನೆಯವರು ನಂಬರ್ ಕೊಡದಿದ್ರೂ ಲೆಕ್ಕ ಜಗ್ಗತದೆ. ಬೇರೆ ದೇಶದ್ದಕ್ಕೆ ಫೋರ್‌ಬೇರ್ಸ್ ಥರದ ಸೈಟಿದೆ, ಅಲ್ಲಿನ ಸಂಖ್ಯೆಯೂ ಅಂದಾಜೇ, ದಿಕ್ಕಿಗೆ ಮಾತ್ರ ಬಳಸಿ. ಮತ್ತೆ, ಹೆಸರು ಇಷ್ಟು ಅಪರೂಪದ್ದಾದ್ರೆ ನಕ್ಷೆಯ ಒಂದು ಚುಕ್ಕೆ ಅಂದ್ರೆ ಒಂದು ಮನೆ. ಕಂಡ ಕೂಡ್ಲೇ ಅವರ ವಿಳಾಸ ಹುಡುಕಿ ಮೆಸೇಜ್ ಹಾಕೋದು, ಫ್ಯಾಮಿಲಿ ಗ್ರೂಪಲ್ಲಿ ಹಂಚೋದು ಬೇಡ, ಅಲ್ಲಿಯವರಿಗೆ ಅದು ಇಷ್ಟ ಆಗೋದಿಲ್ಲ, ಅಳಿಯನ ಮನೆಯವರ ಮೂಲಕವೇ ಕೇಳಿಸಿ.

ಬರೆದಿಡುವಾಗ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಯಾವ ವರ್ಷದ ಯಾವ ಪಟ್ಟಿ ಅಂತ ಹಾಕಿ, ಯಾವ ಸ್ಪೆಲ್ಲಿಂಗ್‌ಗಳನ್ನ ಕೂಡಿಸಿದ್ದೀರಿ ಅಂತ ಹಾಕಿ, ಚರ್ಚ್ ಪುಸ್ತಕದ ಹಳ್ಳಿ, ವರ್ಷ, ಪುಟ ಹಾಕಿ, ಮತ್ತೆ ಆ ಪುಟದ ಸ್ಕ್ರೀನ್‌ಶಾಟನ್ನ ಹೆಸರು ಕೊಟ್ಟು ಸೇವ್ ಮಾಡಿ.