ಬುಕಿಂಗ್ ಫಾರ್ಮ್‌ನಲ್ಲಿ ಬಂದ ಮಾಹಿತಿಯನ್ನು ಸರ್ವರ್‌ನಲ್ಲಿ ಸರಿಯಾಗಿ ತೆಗೆದುಕೊಳ್ಳುವುದು ಹೇಗೆ?

ಕಾರವಾರದ ದೇವಬಾಗದಿಂದ ಹಿಡಿದು ಗೋಕರ್ಣ, ಮುರ್ಡೇಶ್ವರದವರೆಗೆ ಈಗ ಸಣ್ಣ ಹೋಂಸ್ಟೇಗಳಿಗೂ ವೆಬ್‌ಸೈಟ್ ಇರುತ್ತದೆ, ಅದರಲ್ಲೊಂದು ಬುಕಿಂಗ್ ಫಾರ್ಮ್ ಇರುತ್ತದೆ. ಫಾರ್ಮ್ ನೋಡಲು ಚೆನ್ನಾಗಿರುತ್ತದೆ. ಆದರೆ ಸಬ್ಮಿಟ್ ಒತ್ತಿದ ಮೇಲೆ ಸರ್ವರ್‌ನಲ್ಲಿ ಏನಾಗಬೇಕು ಅನ್ನೋದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ. ಉದಾಹರಣೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯದು, ಯಾಕೆಂದರೆ ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ ಸುಲಭವಾಗಿ ಸಿಗುವುದು ಅದೇ. ಪೈಥಾನ್, ನೋಡ್ ಬಳಸುವವರಿಗೂ ಹೆಚ್ಚಿನ ವಿಷಯ ಹೀಗೇ ಇರುತ್ತದೆ.

ನಮ್ಮ ಫಾರ್ಮ್‌ನಲ್ಲಿ ಹೆಸರು, ಮೊಬೈಲ್, ಬರುವ ದಿನ, ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಊಟ ಯಾವುದು ಎಂಬ ಫೀಲ್ಡ್‌ಗಳಿವೆ ಎಂದುಕೊಳ್ಳಿ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಲಿ. ರಿಕ್ವೈರ್ಡ್, ಮ್ಯಾಕ್ಸ್‌ಲೆಂತ್, ಡ್ರಾಪ್‌ಡೌನ್ ಇವೆಲ್ಲ ಫಾರ್ಮ್ ತುಂಬುವವರ ಅನುಕೂಲಕ್ಕೆ ಇರುವಂಥವು, ನಿಮ್ಮ ರಕ್ಷಣೆಗಲ್ಲ. ಪುಟವನ್ನು ತೆರೆಯದೆಯೇ, ಕಮಾಂಡ್ ಬರೆದು ಮಾಹಿತಿ ಕಳಿಸುವ ಕರ್ಲ್ ಥರದ ಟೂಲ್ ಹಿಡಿದು ಯಾರು ಬೇಕಾದರೂ ನಿಮ್ಮ ಸರ್ವರ್‌ಗೆ ಏನು ಬೇಕಾದರೂ ಕಳಿಸಬಹುದು. ಕೋಣೆಯ ದರವನ್ನು ಪುಟದಲ್ಲಿ ಕಾಣದ ಹಿಡನ್ ಫೀಲ್ಡ್‌ನಲ್ಲಿ ಇಟ್ಟು ಅದನ್ನೇ ವಾಪಸ್ ಓದಿ ಬಿಲ್ ಮಾಡುವ ಕೋಡ್ ಬರೆದರೆ, ಎರಡು ಸಾವಿರದ ಕೋಣೆಯನ್ನು ಯಾರೋ ಎರಡು ರೂಪಾಯಿಗೆ ಬುಕ್ ಮಾಡಬಹುದು. ದರ ಯಾವತ್ತೂ ಸರ್ವರ್‌ನಲ್ಲೇ ಲೆಕ್ಕ ಆಗಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ದಿನಗಳಿಗೆ ಬೇರೆ ದರ ಇಟ್ಟಿದ್ದರೆ ಅದನ್ನೂ ಬರುವ ದಿನ ನೋಡಿ ಸರ್ವರೇ ತೀರ್ಮಾನಿಸಲಿ.

ಈಗ ಒಂದೊಂದೇ ಫೀಲ್ಡ್ ತೆಗೆಯೋಣ. ಫೀಲ್ಡ್ ಖಾಲಿ ಬರುವುದು ಬೇರೆ, ಬಾರದೇ ಇರುವುದು ಬೇರೆ. ಟೆಕ್ಸ್ಟ್ ಬಾಕ್ಸ್ ಖಾಲಿ ಬಿಟ್ಟರೂ ಅದರ ಹೆಸರು ಖಾಲಿ ಪಠ್ಯದ ಜೊತೆ ಬರುತ್ತದೆ. ಟಿಕ್ ಮಾಡದ ಚೆಕ್‌ಬಾಕ್ಸ್ ಮಾತ್ರ ಬರುವುದೇ ಇಲ್ಲ. ಡಿಸೇಬಲ್ ಮಾಡಿದ ಫೀಲ್ಡ್ ಕೂಡ ಅಷ್ಟೇ. ಊಟಕ್ಕೆ ಮೀನೂಟ, ಸಸ್ಯಾಹಾರ ಎರಡನ್ನೂ ಟಿಕ್ ಮಾಡಲು ಬಿಟ್ಟಿದ್ದರೆ ಫೀಲ್ಡಿನ ಹೆಸರಿನ ಕೊನೆಗೆ ಚೌಕ ಬ್ರಾಕೆಟ್ ಹಾಕಬೇಕು. ಇಲ್ಲದಿದ್ದರೆ ಪಿಎಚ್‌ಪಿ ಕೊನೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಅಡುಗೆಮನೆಗೆ ಅರ್ಧ ಸುದ್ದಿ ಹೋಗುತ್ತದೆ.

ಇದರ ಉಲ್ಟಾ ಕೂಡ ಆಗಬಹುದು. ನೀವು ಪಠ್ಯ ಎಂದುಕೊಂಡ ಹೆಸರಿನ ಫೀಲ್ಡನ್ನು ಯಾರೋ ಅರೇ, ಅಂದರೆ ಪಟ್ಟಿ, ಮಾಡಿ ಕಳಿಸಿದರೆ, ಪಿಎಚ್‌ಪಿ 8ರಲ್ಲಿ ಹಿಂದು ಮುಂದಿನ ಖಾಲಿ ಜಾಗ ತೆಗೆಯುವ ಟ್ರಿಮ್ ಕರೆದ ತಕ್ಷಣ ಟೈಪ್ ಎರರ್ ಬಂದು ಪುಟ ನಿಲ್ಲುತ್ತದೆ. ಅದಕ್ಕೇ ಮೊದಲು ಬಂದಿದೆಯಾ ನೋಡಿ, ಆಮೇಲೆ ಸ್ಟ್ರಿಂಗ್ (ಪಠ್ಯ) ಹೌದಾ ನೋಡಿ, ಆಮೇಲೆ ಟ್ರಿಮ್ ಮಾಡಿ. ಇದಕ್ಕೊಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಂಡರೆ ಎಲ್ಲ ಫೀಲ್ಡಿಗೂ ಸಾಕು.

ಮಕ್ಕಳು ಎಷ್ಟು ಎಂಬಲ್ಲಿ ಸೊನ್ನೆ ಸರಿಯಾದ ಉತ್ತರ ಅಲ್ವಾ? ಆದರೆ ಎಂಪ್ಟಿ ಎಂಬ ಫಂಕ್ಷನ್ ಸೊನ್ನೆಯನ್ನೂ ಖಾಲಿ ಎಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಇಬ್ಬರೇ ಬರುವ ಗಂಡ ಹೆಂಡತಿಗೆ 'ಮಕ್ಕಳ ಸಂಖ್ಯೆ ತುಂಬಿ' ಎಂಬ ಸಂದೇಶ ಮತ್ತೆ ಮತ್ತೆ ಕಾಣಿಸುತ್ತದೆ. ಪಿಎಚ್‌ಪಿಯ ಫಿಲ್ಟರ್ ವಾರ್ (filter_var) ಫಂಕ್ಷನ್‌ನ ಪೂರ್ಣಾಂಕ ತಪಾಸಣೆ ಬಳಸಿ, ಕನಿಷ್ಠ ಗರಿಷ್ಠ ಮಿತಿ ಕೊಡಿ, ಉತ್ತರವನ್ನು ಫಾಲ್ಸ್ ಜೊತೆ ಹೋಲಿಸುವಾಗ ಮೂರು ಸಮಚಿಹ್ನೆ ಹಾಕಿ. ಎರಡೇ ಹಾಕಿದರೆ ಸೊನ್ನೆಯೂ ಫಾಲ್ಸೂ ಒಂದೇ ಆಗಿಬಿಡುತ್ತವೆ.

ಹೆಸರಿನ ಫೀಲ್ಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷ್ ಹೆಸರುಗಳನ್ನಷ್ಟೇ ನೆನೆದು ಬರೆದ ಕೋಡ್‌ನಲ್ಲಿ ನಮ್ಮವರ ಹೆಸರು ಕೂರುವುದೇ ಇಲ್ಲ. 'ಅಕ್ಷರ ಮಾತ್ರ ಇರಲಿ' ಎಂದು ರೆಜೆಕ್ಸ್‌ನಲ್ಲಿ (ಪಠ್ಯ ಯಾವ ಮಾದರಿಯಲ್ಲಿರಬೇಕು ಎಂದು ಹೇಳುವ ಸೂತ್ರದಲ್ಲಿ) ಯೂನಿಕೋಡ್ ಅಕ್ಷರಗಳ ಗುಂಪನ್ನು ಮಾತ್ರ ಬಿಟ್ಟರೆ 'ಹೆಗಡೆ' ಎಂಬ ಹೆಸರು ಪಾಸಾಗುವುದಿಲ್ಲ. ಹ, ಗ, ಡ ಅಕ್ಷರಗಳು ಸರಿ, ಆದರೆ ಎತ್ವದ ಗುರುತು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವಲ್ಲ, ಚಿಹ್ನೆ. ಚಿಹ್ನೆಗಳ ಗುಂಪನ್ನೂ ಬಿಟ್ಟುಕೊಂಡರೆ ಮುಂದೆ ಇನಿಷಿಯಲ್‌ನ ಚುಕ್ಕಿ, ನಡುವಿನ ಖಾಲಿ ಜಾಗ, ಅರ್ಧಾಕ್ಷರ ಬಿಡಿಸಿ ಬರೆಯಲು ಬಳಸುವ ಕಣ್ಣಿಗೆ ಕಾಣದ ನಾನ್‌ಜಾಯ್ನರ್, ಹೀಗೆ ಒಂದೊಂದೇ ಅಡ್ಡ ಬರುತ್ತದೆ. ನನ್ನ ಅಭಿಪ್ರಾಯ ನೇರ: ಹೆಸರಿಗೆ ರೆಜೆಕ್ಸ್ ಬೇಡ. ಖಾಲಿ ಇರಬಾರದು, ತೀರ ಉದ್ದ ಇರಬಾರದು, ಸಾಲು ಮುರಿಯುವಂಥ ಕಂಟ್ರೋಲ್ ಅಕ್ಷರ ಇರಬಾರದು. ಇಷ್ಟು ಸಾಕು.

ಉದ್ದ ಅಳೆಯುವುದರಲ್ಲೂ ತೊಡಕಿದೆ. 'ಕಾರವಾರ' ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ನಲ್ಲಿ 6 ಕೋಡ್ ಪಾಯಿಂಟ್ (ಅಕ್ಷರ, ಗುರುತು ಒಂದೊಂದಕ್ಕೂ ಕೊಟ್ಟ ಸಂಖ್ಯೆ), ಯುಟಿಎಫ್-8ರಲ್ಲಿ 18 ಬೈಟ್. ಬೈಟ್ ಎಣಿಸುವ ಸ್ಟ್ರ್‌ಲೆನ್ (strlen) ಹೇಳುವುದು 18. ಎಂಬಿ ಸ್ಟ್ರ್‌ಲೆನ್ (mb_strlen) ಬಳಸಿ, ಅದು 6 ಎನ್ನುತ್ತದೆ. ಹಾಗೆಯೇ ಬೈಟ್ ಲೆಕ್ಕದಲ್ಲೇ ನಡೆಯುವ ಸಬ್‌ಸ್ಟ್ರ್‌ನಿಂದ ಕತ್ತರಿಸಿದರೆ ಅಕ್ಷರದ ಮಧ್ಯವೇ ತುಂಡಾಗಬಹುದು.

ಇನ್ನೊಂದು, ಊರಿನ ಹೆಸರು ಹುಡುಕುವಾಗ ಕಾಡುವಂಥದ್ದು. 'ಗೋಕರ್ಣ'ದ ಓತ್ವವನ್ನು ಒಂದೇ ಕೋಡ್ ಪಾಯಿಂಟ್ ಆಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನ ನಾರ್ಮಲೈಸರ್‌ನಿಂದ ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತಂದು ಆಮೇಲೆ ಉಳಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೇಬಲ್ ಯುಟಿಎಫ್8ಎಂಬಿ4 (utf8mb4) ಇರಲಿ. ಹಳೆಯ ಯುಟಿಎಫ್8ರಲ್ಲಿ ಕನ್ನಡ ಕೂರುತ್ತದೆ, ಇಮೋಜಿ ಕೂರುವುದಿಲ್ಲ.

ಮೊಬೈಲ್ ನಂಬರನ್ನು ಜನ ಹೇಗೆ ಬೇಕೋ ಹಾಗೆ ಬರೆಯುತ್ತಾರೆ: ನಡುವೆ ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಮುಂದೆ ಸೊನ್ನೆ ಸೇರಿಸಿ, ಕೆಲವರು ಕನ್ನಡ ಅಂಕಿಯಲ್ಲೇ. ಅದಕ್ಕೆ ಅವರನ್ನು ಬೈಯಬೇಡಿ, ನೀವೇ ಸರಿ ಮಾಡಿಕೊಳ್ಳಿ. ೦ಯಿಂದ ೯ರವರೆಗಿನ ಅಂಕಿಗಳನ್ನು ಮೊದಲೇ ಬದಲಾಯಿಸಿ, ಪಿಎಚ್‌ಪಿಯ ಪೂರ್ಣಾಂಕ ತಪಾಸಣೆ ಕನ್ನಡ ಅಂಕಿಯನ್ನು ಒಪ್ಪುವುದಿಲ್ಲ. ಜಾಗ, ಗೆರೆ, ಮುಂದಿನ ಪ್ಲಸ್ 91 ಅಥವಾ ಸೊನ್ನೆ ತೆಗೆದ ಮೇಲೆ 10 ಅಂಕಿ ಉಳಿದು, ಮೊದಲನೆಯದು 6ರಿಂದ 9ರ ಒಳಗಿದ್ದರೆ ಸರಿ. ಗೋಕರ್ಣದ ಓಂ ಬೀಚ್‌ಗೆ ಹೊರದೇಶದವರೂ ಬರುತ್ತಾರಲ್ಲ, ಬೇರೆ ದೇಶದ ಕೋಡ್ ಇದ್ದರೆ 15 ಅಂಕಿಯವರೆಗೆ ಬಿಡಿ. ಉಳಿಸುವಾಗ ಪಠ್ಯವಾಗಿ ಉಳಿಸಿ, ಸಂಖ್ಯೆಯಾಗಿ ಬೇಡ.

ಡೇಟ್ ಫೀಲ್ಡ್ ಪರದೆಯಲ್ಲಿ ಹೇಗೇ ಕಾಣಲಿ, ಬರುವುದು ವರ್ಷ-ತಿಂಗಳು-ದಿನ ಕ್ರಮದಲ್ಲಿ. ಫೆಬ್ರವರಿ 31 ಕಳಿಸಿದರೆ ಪಿಎಚ್‌ಪಿಯ ಡೇಟ್‌ಟೈಮ್ ಅದನ್ನು ತಿರಸ್ಕರಿಸದೆ ಸುಮ್ನೆ ಮಾರ್ಚ್‌ಗೆ ಜಾರಿಸುತ್ತದೆ, ಆದ್ದರಿಂದ ಚೆಕ್‌ಡೇಟ್ ಬಳಸಿ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಹೇಳಿಡಿ. ಯುಟಿಸಿಯಲ್ಲೇ (ಜಾಗತಿಕ ಸಮಯದಲ್ಲೇ) ಬಿಟ್ಟರೆ ನಮ್ಮಲ್ಲಿ ಬೆಳಗಿನ ಐದೂವರೆಯವರೆಗೆ ಸರ್ವರ್‌ಗೆ ಇನ್ನೂ ನಿನ್ನೆ.

ಡೇಟಾಬೇಸ್‌ಗೆ ಹಾಕುವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ರೀತಿ) ಬಿಟ್ಟು ಬೇರೆ ದಾರಿ ಬೇಡ. ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್ (htmlspecialchars) ಬಳಸಿ ಎಸ್ಕೇಪ್ ಮಾಡಿ, ಅಂದರೆ ಬಂದ ಪಠ್ಯ ಕೋಡ್ ಆಗಿ ಓಡದಂತೆ ಮಾಡಿ. ಇವೆರಡೂ ಬೇರೆ ಬೇರೆ ಹೊತ್ತಿನ ಕೆಲಸ, ಉಳಿಸುವಾಗಲೇ ಎಸ್ಕೇಪ್ ಮಾಡಿಟ್ಟರೆ ಆಮೇಲೆ ಎಸ್‌ಎಂಎಸ್‌ನಲ್ಲಿ ಕಸ ಕಾಣುತ್ತದೆ.

ತಪ್ಪಿದ್ದರೆ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ತೋರಿಸಿ, ಆಯಾ ಫೀಲ್ಡಿನ ಪಕ್ಕದಲ್ಲೇ, ತುಂಬಿದ್ದೆಲ್ಲ ಹಾಗೇ ಇರಲಿ. ಫೋನಿನಲ್ಲಿ ಕಷ್ಟಪಟ್ಟು ಕನ್ನಡ ಟೈಪ್ ಮಾಡಿದ ಅಜ್ಜನ ಕೈಯಲ್ಲಿ ಅದನ್ನೆಲ್ಲ ಮತ್ತೆ ಬರೆಸುವುದು ಅನ್ಯಾಯ.

ಎಲ್ಲ ಸರಿ ಇದ್ದರೆ ಉಳಿಸಿ, ಅದೇ ಪುಟದಲ್ಲಿ ಧನ್ಯವಾದ ಹೇಳದೆ 303 ರೀಡೈರೆಕ್ಟ್ ಕೊಟ್ಟು ಬೇರೆ ಪುಟಕ್ಕೆ ಕಳಿಸಿ. ಆಗ ರಿಫ್ರೆಶ್ ಮಾಡಿದರೂ ಎರಡನೇ ಬುಕಿಂಗ್ ಆಗುವುದಿಲ್ಲ. ಆದರೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತು, ನೆಟ್‌ವರ್ಕ್ ಹೋಗಿ ಬರುವಾಗ ಸಬ್ಮಿಟ್ ಎರಡು ಸಲ ಒತ್ತಿದವರಿಗೆ ಇದು ಸಾಲದು. ಫಾರ್ಮ್ ತೋರಿಸುವಾಗಲೇ ಒಂದು ರ‍್ಯಾಂಡಮ್ ಕೀ ಅದರಲ್ಲಿ ಇಟ್ಟು, ಟೇಬಲ್‌ನಲ್ಲಿ ಆ ಕಾಲಮ್‌ಗೆ ಒಂದೇ ಕೀ ಎರಡು ಸಲ ಸೇರದಂತೆ ಯೂನಿಕ್ ಇಂಡೆಕ್ಸ್ ಹಾಕಿ. ಎರಡನೇ ಸಲ ಅದೇ ಕೀ ಬಂದರೆ ಎರರ್ ತೋರಿಸಬೇಡಿ, ಮೊದಲ ಬುಕಿಂಗ್‌ನ ಪುಟಕ್ಕೇ ಕರೆದುಕೊಂಡು ಹೋಗಿ. ಮತ್ತೆ, ರೀಡೈರೆಕ್ಟ್ ಮಾಡುವ ಲೊಕೇಶನ್ ಹೆಡರ್ ಬರೆದ ಮುಂದಿನ ಸಾಲಿನಲ್ಲೇ ಎಕ್ಸಿಟ್ ಇರಲಿ, ಇಲ್ಲದಿದ್ದರೆ ಕೆಳಗಿನ ಕೋಡ್ ಓಡುತ್ತಲೇ ಇರುತ್ತದೆ.